ಸೋಫಿಯಾ ಲಯನ್ ಫಾಸ್: ಅಜ್ಜಿಯ ವಯಸ್ಸೊಂದೇ ಸರಿ

“ಜಗತ್ತಿನ ಮೊದಲ ಮಹಿಳಾ ಪಾದ್ರಿ ಸೋಫಿಯಾ ಲಯನ್ ಫಾಸ್. 82ನೇ ವಯಸ್ಸಿನಲ್ಲಿ ದೀಕ್ಷೆ ಪಡೆದು, ಆಮೇಲೆ ಮಕ್ಕಳಿಗೆ ಧರ್ಮಬೋಧೆ ಆರಂಭಿಸಿದ ಅಮೆರಿಕದ ಅಜ್ಜಿ.” ಬೆಂಗಳೂರಿನ ನಮ್ಮ ಸಂಡೇ ಸ್ಕೂಲ್ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಸಂದೇಶ ನಾಲ್ಕನೇ ಸಲ ಬಂದಿದೆ. ಇನ್ನು ಸುಮ್ಮನಿರಲಾಗದು.

ವಯಸ್ಸು ಸರಿ. ಅವರಿಗೆ ಯೂನಿಟೇರಿಯನ್ ಪಂಥದ (ತ್ರಿಯೇಕ ದೇವರ ಸಿದ್ಧಾಂತವನ್ನು ಒಪ್ಪದ, ಕ್ರೈಸ್ತ ಮೂಲದ ಉದಾರ ಪಂಥ) ಪಾದ್ರಿ ದೀಕ್ಷೆಯಾದದ್ದು 1959ರಲ್ಲಿ, ಮೇರಿಲ್ಯಾಂಡ್‌ನಲ್ಲಿ. ಆದರೆ ‘ಮೊದಲ’ ಎಂಬುದು ಶುದ್ಧ ತಪ್ಪು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಹಿಂದೆ, 1853ರಲ್ಲೇ, ಆಂಟೊನೆಟ್ ಬ್ರೌನ್ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರ ಚರ್ಚ್‌ನಲ್ಲಿ ದೀಕ್ಷೆ ಪಡೆದಿದ್ದರು.

ನನಗೆ ಹೆಚ್ಚು ಕಿರಿಕಿರಿ ಮಾಡಿದ್ದು ‘ಆಮೇಲೆ’ ಎಂಬ ಪದ. ಬದುಕನ್ನೇ ತಲೆಕೆಳಗು ಮಾಡಿದೆ ಅದು. ಫಾಸ್ ಹುಟ್ಟಿದ್ದು 1876ರಲ್ಲಿ, ಚೀನಾದ ಹಾಂಗ್‌ಝೌನಲ್ಲಿ, ಮಿಷನರಿ ದಂಪತಿಯ ಮಗಳಾಗಿ. ನ್ಯೂಯಾರ್ಕಿನ ಧರ್ಮಶಾಸ್ತ್ರ ಕಾಲೇಜಾದ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿ ಓದಿ, ಅಲ್ಲಿಯೇ ವರ್ಷಗಟ್ಟಲೆ ಪಾಠ ಹೇಳಿದರು. 1937ರಿಂದ ಯೂನಿಟೇರಿಯನ್ ಮಕ್ಕಳ ಪಠ್ಯಗಳ ಸಂಪಾದಕಿ. ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಸುವ ಬದಲು ಮಗುವಿನ ಪ್ರಶ್ನೆಯಿಂದಲೇ ಪಾಠ ಹೊರಡಬೇಕು ಎಂಬುದು ಅವರ ಹಟ. ಬೈಬಲ್ ವಚನ ಒಪ್ಪಿಸಿದವರಿಗೆ ಪೆನ್ಸಿಲ್ ಬಹುಮಾನ ಕೊಡುವ ನಮಗೆ ಇದು ಸ್ವಲ್ಪ ಚುಚ್ಚಬಹುದು. ದೀಕ್ಷೆ ಬಂದದ್ದು ಇಷ್ಟೆಲ್ಲ ಆದ ಮೇಲೆ. 1978ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಂದಹಾಗೆ, ‘ಮೊದಲ’ ಎಂಬ ಪದ ಬೇಕೇ ಬೇಕು ಎನ್ನುವವರಿಗೆ ಹತ್ತಿರದಲ್ಲೇ ಒಂದು ಹೆಸರಿದೆ: 2013ರಲ್ಲಿ ನಂದ್ಯಾಲಕ್ಕೆ ಬಿಷಪ್ ಆದ ಇ. ಪುಷ್ಪಲಲಿತಾ, ದಕ್ಷಿಣ ಭಾರತ ಸಭೆಯ (ಸಿಎಸ್‌ಐ ಚರ್ಚ್) ಮೊದಲ ಮಹಿಳಾ ಬಿಷಪ್.