ಕಡ್ಲೆಹಿಟ್ಟಿಗೆ ಹೋಗೋ ಕಪ್ಪಲ್ಲ ಅದು

ನಿನ್ನೆ ಪುಣೆಯ ಕೊಥ್ರೂಡಿನಲ್ಲಿರುವ ಅಕ್ಕನ ಮನೆಯಿಂದ ಸಿಟ್ಟು ಮಾಡಿಕೊಂಡು ಬಂದಿದ್ದೇನೆ. ಲಂಡನ್ನಿಂದ ಅವಳ ಮಗಳ ಸಂಸಾರ ರಜೆಗೆ ಬಂದಿದೆ. ಹನ್ನೊಂದು ವರ್ಷದ ಮೊಮ್ಮಗನ ಕತ್ತಿನ ಹಿಂದೆ ದಪ್ಪಗೆ ಕಪ್ಪು ಪಟ್ಟಿ. ಅಕ್ಕ ಕಡ್ಲೆಹಿಟ್ಟು, ನಿಂಬೆರಸ ಹಚ್ಚಿ ಉಜ್ಜುತ್ತಿದ್ದಾಳೆ. "ಅಲ್ಲಿ ಸರಿಯಾಗಿ ಸ್ನಾನ ಮಾಡಿಸಲ್ಲ ಕಣೇ" ಅಂತ ನನಗೇ ಹೇಳುತ್ತಾಳೆ. ಇಷ್ಟು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದವಳಿಗೆ!

ಅದು ಕೊಳೆ ಅಲ್ಲ ಮಾರಾಯ್ರೇ. ದಪ್ಪ ಇರುವ ಮಕ್ಕಳಲ್ಲಿ ಈ ಕಪ್ಪು ಹೆಚ್ಚಾಗಿ ಬರುವುದು ರಕ್ತದಲ್ಲಿ ಇನ್ಸುಲಿನ್, ಅಂದರೆ ಶುಗರ್ ಹತೋಟಿಯಲ್ಲಿಡುವ ಹಾರ್ಮೋನ್, ಜಾಸ್ತಿಯಾದಾಗ. ದೇಹ ಇನ್ಸುಲಿನ್ನಿಗೆ ಬಗ್ಗುವುದಿಲ್ಲ, ಅದನ್ನು ತಯಾರಿಸುವ ಪ್ಯಾಂಕ್ರಿಯಾಸ್ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಈ ಹಂತದಲ್ಲಿ ಶುಗರ್ ನಾರ್ಮಲ್ ಅಂತಲೇ ಬರಬಹುದು. ಅದಕ್ಕೇ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಲಿವರ್, ಬಿಪಿ ಎಲ್ಲಾ ನೋಡಬೇಕು.

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 10-11 ವಯಸ್ಸಿಗೆ ಮಕ್ಕಳ ಎತ್ತರ, ತೂಕ ಅಳೆಯುತ್ತಾರೆ. ಇವರ ಮನೆಗೂ ತೂಕ ಜಾಸ್ತಿ ಅಂತ ಪತ್ರ ಬಂದಿತ್ತು. ಅಳಿಯನಿಗೆ ಅವಮಾನ! "ಬಿಳಿಯರ ಲೆಕ್ಕ ನಮ್ಮ ಮಕ್ಕಳಿಗೆ ಹೊಂದಲ್ಲ ಚಿಕ್ಕತ್ತೆ" ಅಂದ. ನಿಜ, ಹೊಂದಲ್ಲ. ನಮ್ಮವರಿಗೆ ಇನ್ನೂ ಬಿಗಿ ಲೆಕ್ಕ ಬೇಕು. ಇದನ್ನು ತೋರಿಸಿಕೊಟ್ಟಿದ್ದು ಇದೇ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ಅವರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ನರೂ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3. ಮೈಯ ಕೊಬ್ಬು? ಯುಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ 21.2. ಸಣ್ಣಗೆ ಕಾಣುವ ನಮ್ಮವರ ಕಥೆಯೇ ಹೀಗೆ. ಇನ್ನು ತೂಕವೇ ಜಾಸ್ತಿ ಇರುವ ಮಗು?

"ಮೈಕೈ ತುಂಬಿಕೊಂಡಿದ್ದಾನೆ, ದೃಷ್ಟಿ ಹಾಕ್ಬೇಡ" ಅಂದಳು ಅಕ್ಕ. ಅಷ್ಟರಲ್ಲಿ ಐಸ್‌ಕ್ರೀಂ ಹಾಕಿದ ಮಾವಿನ ಮಿಲ್ಕ್‌ಶೇಕ್, ಮ್ಯಾಂಗೋ ಮಸ್ತಾನಿ, ಬಂತು. ಮಧ್ಯಾಹ್ನದ ಶ್ರೀಖಂಡ ಸಾಲದಾಗಿತ್ತಲ್ಲ.

ಮಕ್ಕಳನ್ನು ದಪ್ಪ ಅಂತ ಹಂಗಿಸಬಾರದು ಅಂತ ಈಗ ಯಾರಾದರೂ ಬರುತ್ತೀರಿ, ಗೊತ್ತು. ಒಪ್ಪಿದೆ. ಆದರೆ ರಕ್ತ ಪರೀಕ್ಷೆ ಮಾಡಿಸಿ ಅನ್ನುವುದು ಹಂಗಿಸಿದ ಹಾಗಾ? "ಗುಂಡಣ್ಣ" ಅಂತ ದಿನಾ ಕರೆಯುವವರು ನೀವೇ ಅಲ್ವಾ? ಬೆಳೆದರೆ ಕರಗುತ್ತದೆ ಅನ್ನುವ ಮಾತೂ ಬೇಡ. ಎಷ್ಟೋ ಮಕ್ಕಳಿಗೆ ಕರಗುವುದಿಲ್ಲ.

ಅಪ್ಪನ ಕಾಲಿನ ಹೆಬ್ಬೆರಳು ತೆಗೆದಾಗ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನು. ಶುಗರ್ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ಅಕ್ಕ ಆಗ ಮಸ್ಕತ್ತಿನಲ್ಲಿದ್ದಳು. ಅವಳು ನೋಡಿಲ್ಲ.

ಹುಡುಗನ ಅಮ್ಮ ಮಾತ್ರ ಅಡುಗೆಮನೆಗೆ ಬಂದು "ಚಿಕ್ಕಮ್ಮ, ಮಾಡಿಸೋಣ" ಅಂದಿದ್ದಾಳೆ. ಶನಿವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬರುತ್ತಾಳೆ. ಅಕ್ಕ ಮಾತು ಬಿಟ್ಟರೆ ಬಿಡಲಿ.