ಗಡಿ ಆಮೇಲೆ ನೋಡೋಣ ಅನ್ನುವ ದೊಡ್ಡಣ್ಣ

ಸಮುದ್ರದ ಗಡಿ ಜಗಳದ ಸುದ್ದಿ ಬಂದಾಗಲೆಲ್ಲ ಯಾರಾದರೊಬ್ಬರು ಸಮಾಧಾನದ ಮಾತೊಂದನ್ನು ಹೇಳಿಯೇ ಹೇಳುತ್ತಾರೆ: ‘ನೀರಿನ ಮೇಲೆ ಗೆರೆ ಎಳೆದು ಏನು ಸಾಧಿಸ್ತೀರಿ? ತಳದಲ್ಲಿರೋ ಎಣ್ಣೆ, ಗ್ಯಾಸ್ ಇಬ್ಬರೂ ಹಂಚಿಕೊಳ್ಳಿ, ಗಡಿ ಆಮೇಲೆ ನೋಡಿದರಾಯ್ತು.’ ಕೇಳಲಿಕ್ಕೆ ಹಿತವಾಗಿದೆ. ‘ಜಂಟಿ ಅಭಿವೃದ್ಧಿ’ ಎಂಬ ಘನವಾದ ಹೆಸರೂ ಇದಕ್ಕಿದೆ. ನನಗೆ ಮಾತ್ರ, ಈ ಮಾತು ಯಾರ ಬಾಯಿಂದ ಬರುತ್ತಿದೆ ಎಂದು ಮೊದಲು ನೋಡಬೇಕು ಅನ್ನಿಸುತ್ತದೆ. ಹೊಲದ ಬದು ಒತ್ತಿಕೊಂಡು ಕೂತ ಅಣ್ಣನೇ ‘ಹದ್ದುಬಸ್ತು ಯಾಕಪ್ಪಾ, ನಾವೇನು ಬೇರೆಯವರಾ? ಬೆಳೆಯಲ್ಲಿ ನಿನಗೂ ಪಾಲು ಕೊಡ್ತೀನಿ’ ಅನ್ನುವುದು. ತಮ್ಮ ಸರ್ವೆಯವರನ್ನು ಕರೆಸುತ್ತೇನೆ ಅಂದ ದಿನ ಆ ಅಣ್ಣನ ಮುಖ ನೋಡಬೇಕು.

ಆಸ್ಟ್ರೇಲಿಯಾ ಮತ್ತು ಪೂರ್ವ ಟಿಮೋರ್ ನಡುವಿನ ಟಿಮೋರ್ ಸಮುದ್ರದಲ್ಲಿ ನಡೆದದ್ದು ಇದೇ. ಅದೂ ಸುಮಾರು ಅರ್ಧ ಶತಮಾನದ ಕಾಲ.

ಟಿಮೋರ್ ದ್ವೀಪಕ್ಕೂ ಆಸ್ಟ್ರೇಲಿಯಾಕ್ಕೂ ನಡುವೆ 400 ನಾಟಿಕಲ್ ಮೈಲಿಗಿಂತ ಕಡಿಮೆ ದೂರ. ತಮ್ಮ ದಡದಿಂದ ಒಬ್ಬೊಬ್ಬರಿಗೂ 200 ಮೈಲಿ ಸಲ್ಲುತ್ತದೆ ಎಂದರೆ ಎರಡೂ ಹಕ್ಕು ಒಂದರ ಮೇಲೊಂದು ಬೀಳುತ್ತವೆ. ಸಹಜವಾಗಿ ಮಧ್ಯರೇಖೆ ಎಳೆಯಬೇಕು. ಆದರೆ ಟಿಮೋರ್‌ಗೆ ಹತ್ತಿರದಲ್ಲಿ ಸಮುದ್ರತಳ ಸುಮಾರು 3 ಕಿಲೋಮೀಟರ್ ಆಳಕ್ಕೆ ಕುಸಿದಿದೆ. ಆಸ್ಟ್ರೇಲಿಯಾದ ವಾದ ಏನೆಂದರೆ, ನಮ್ಮ ನೆಲ ನೀರಿನಡಿಯಲ್ಲಿ ಆ ಕಂದರದ ತುಟಿಯವರೆಗೂ ಮುಂದುವರಿದಿದೆ, ಹಾಗಾಗಿ ಅಲ್ಲಿಯವರೆಗೂ ತಳ ನಮ್ಮದು. 1972ರಲ್ಲಿ, ದ್ವೀಪದ ಪಶ್ಚಿಮ ಭಾಗ ತನ್ನದಾಗಿದ್ದ ಇಂಡೋನೇಷ್ಯಾ ಇದನ್ನು ಹೆಚ್ಚುಕಡಿಮೆ ಒಪ್ಪಿ ಸಹಿ ಹಾಕಿಬಿಟ್ಟಿತು. ಪೂರ್ವ ಟಿಮೋರನ್ನು ಆಗ ಆಳುತ್ತಿದ್ದ ಪೋರ್ಚುಗಲ್ ಒಪ್ಪಲಿಲ್ಲ. ಹೀಗೆ ಗೆರೆಯ ನಡುವೆ ಒಂದು ತೆರಪು ಉಳಿಯಿತು. ಅದಕ್ಕೆ ‘ಟಿಮೋರ್ ಗ್ಯಾಪ್’ ಎಂದೇ ಹೆಸರು ಬಿತ್ತು.

ತೆರಪಿನ ಕೆಳಗೆ ಎಣ್ಣೆ, ಗ್ಯಾಸ್ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. 1974ರಲ್ಲೇ ಸನ್‌ರೈಸ್ ಅನಿಲ ಕ್ಷೇತ್ರ ಪತ್ತೆಯಾಗಿತ್ತು. 1975ರ ಆಗಸ್ಟ್‌ನಲ್ಲಿ ಜಕಾರ್ತಾದ ಆಸ್ಟ್ರೇಲಿಯಾ ರಾಯಭಾರಿ ರಿಚರ್ಡ್ ವೂಲ್ಕಾಟ್ ತಮ್ಮ ಸರ್ಕಾರಕ್ಕೆ ಬರೆದರು: ಈ ತೆರಪು ಮುಚ್ಚುವ ಮಾತುಕತೆ ಪೋರ್ಚುಗಲ್ ಜತೆಗೋ ಸ್ವತಂತ್ರ ಟಿಮೋರ್ ಜತೆಗೋ ನಡೆಸುವುದಕ್ಕಿಂತ ಇಂಡೋನೇಷ್ಯಾ ಜತೆ ಸುಲಭ. ಅದೇ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾ ಸೇನೆ ನುಗ್ಗಿತು. ಮುಂದಿನ 24 ವರ್ಷ ಅಲ್ಲಿ ಸತ್ತವರ ಲೆಕ್ಕ ಬೇರೆಯೇ ಕಥೆ. ಪೂರ್ವ ಟಿಮೋರ್ ಇಂಡೋನೇಷ್ಯಾದ ಭಾಗ ಎಂದು ಆಸ್ಟ್ರೇಲಿಯಾ ಮಾನ್ಯತೆಯನ್ನೂ ಕೊಟ್ಟಿತು. ಕೊಡದೆ ಗಡಿ ಮಾತುಕತೆ ನಡೆಸಲು ಬರುತ್ತಿರಲಿಲ್ಲ. 1989ರ ಡಿಸೆಂಬರ್‌ನಲ್ಲಿ ಎರಡೂ ದೇಶದ ವಿದೇಶಾಂಗ ಸಚಿವರಾದ ಗ್ಯಾರೆತ್ ಇವಾನ್ಸ್ ಮತ್ತು ಅಲಿ ಅಲಾಟಸ್ ಟಿಮೋರ್ ಸಮುದ್ರದ ಮೇಲೆ ಹಾರುತ್ತಿದ್ದ ವಿಮಾನದಲ್ಲೇ ಹಂಚಿಕೆ ಒಪ್ಪಂದಕ್ಕೆ ಸಹಿ ಹಾಕಿ ಶಾಂಪೇನ್ ಗ್ಲಾಸ್ ಎತ್ತಿದರು. ಕೆಳಗೆ ಯಾರ ಸಮುದ್ರವೋ ಅವರನ್ನು ಯಾರೂ ಕೇಳಿರಲಿಲ್ಲ. ಪೋರ್ಚುಗಲ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇಂಡೋನೇಷ್ಯಾ ಕಕ್ಷಿಯಾಗಿಲ್ಲದೆ ತೀರ್ಮಾನ ಮಾಡಲಾಗದು ಎಂದು 1995ರಲ್ಲಿ ನ್ಯಾಯಾಲಯ ಕೈಚೆಲ್ಲಿತು.

1999ರ ಜನಮತಗಣನೆಯಲ್ಲಿ 78.5% ಮಂದಿ ಸ್ವಾತಂತ್ರ್ಯ ಕೇಳಿದರು. ಆಮೇಲಿನ ಹಿಂಸಾಚಾರ ತಡೆಯಲು ಹೋದ ಪಡೆಯ ಮುಂದಾಳತ್ವ ಆಸ್ಟ್ರೇಲಿಯಾದ್ದೇ. ಅದು ನಿಜವಾದ ಉಪಕಾರ, ಅಲ್ಲಗಳೆಯಬಾರದು. ಆದರೆ 2002ರ ಮೇ 20ಕ್ಕೆ ಹೊಸ ದೇಶ ಹುಟ್ಟುವುದಿತ್ತು. ಅದಕ್ಕೆ ಎರಡು ತಿಂಗಳ ಮೊದಲು, ಮಾರ್ಚ್‌ನಲ್ಲಿ, ಆಸ್ಟ್ರೇಲಿಯಾ ಸದ್ದಿಲ್ಲದೆ ಒಂದು ಪತ್ರ ಕಳಿಸಿತು: ಸಮುದ್ರ ಗಡಿಯ ವಿಷಯದಲ್ಲಿ ಇನ್ನು ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯದ ಕಡ್ಡಾಯ ತೀರ್ಪಿಗೆ ನಾವು ಒಳಪಡುವುದಿಲ್ಲ. ಕೂಸು ಹುಟ್ಟುವ ಮೊದಲೇ ಕೋರ್ಟಿನ ಬಾಗಿಲಿಗೆ ಬೀಗ!

ಯಾಕೆ ಇಷ್ಟು ಅವಸರ? ಕಂದರದ ವಾದಕ್ಕೆ ನ್ಯಾಯಾಲಯದಲ್ಲಿ ಬೆಲೆ ಸಿಗುವುದಿಲ್ಲ ಎಂದು ಅವರ ವಕೀಲರಿಗೂ ಗೊತ್ತಿದ್ದಿರಬೇಕು. ಲಿಬಿಯಾ–ಮಾಲ್ಟಾ ಪ್ರಕರಣದಲ್ಲಿ, 200 ಮೈಲಿಯ ಒಳಗೆ ಸಮುದ್ರತಳದ ಏರುತಗ್ಗು ಲೆಕ್ಕಕ್ಕಿಲ್ಲ, ದೂರವಷ್ಟೇ ಮುಖ್ಯ ಎಂದು 1985ರಲ್ಲೇ ತೀರ್ಪು ಬಂದಿತ್ತು.

ಸ್ವಾತಂತ್ರ್ಯದ ದಿನವೇ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಜಂಟಿ ವಲಯದ ಎಣ್ಣೆ–ಅನಿಲದಲ್ಲಿ ಟಿಮೋರ್‌ಗೆ 90, ಆಸ್ಟ್ರೇಲಿಯಾಕ್ಕೆ 10. ‘ನೋಡಿ, 90 ಕೊಟ್ಟಿದ್ದೇವೆ’ ಎಂದು ಕ್ಯಾನ್‌ಬೆರಾದವರು ವರ್ಷಗಟ್ಟಲೆ ಹೇಳಿಕೊಂಡರು. ಆದರೆ ಆ ಜಂಟಿ ವಲಯ ಇದ್ದದ್ದು ಮಧ್ಯರೇಖೆಯಿಂದ ಟಿಮೋರ್ ಕಡೆಗೆ. ಇವರದ್ದೇ ಜಾಗದಲ್ಲಿ ಇವರಿಗೇ 90 ಕೊಡುವುದು ಉದಾರತೆ ಹೇಗಾಗುತ್ತದೆ? ಅಸಲಿ ಆಟ ವಲಯದ ಅಂಚಿನಲ್ಲಿತ್ತು. ಪೂರ್ವದ ಅಂಚನ್ನು ಎಳೆದ ರೀತಿ ಹೇಗಿತ್ತೆಂದರೆ ಗ್ರೇಟರ್ ಸನ್‌ರೈಸ್ ಕ್ಷೇತ್ರದ 20.1% ಮಾತ್ರ ಜಂಟಿ ವಲಯದ ಒಳಗೆ ಬಿತ್ತು, ಉಳಿದ 79.9% ಆಸ್ಟ್ರೇಲಿಯಾದ ಪಾಲಿಗೆ. ಅಂದರೆ ಆ ದೊಡ್ಡ ಕ್ಷೇತ್ರದಲ್ಲಿ ಟಿಮೋರ್‌ಗೆ ಸಿಗುವುದು 18%ರಷ್ಟು. ಆಸ್ಟ್ರೇಲಿಯಾದ ಡಾರ್ವಿನ್‌ಗೆ ಸುಮಾರು 450 ಕಿಲೋಮೀಟರ್, ಟಿಮೋರ್‌ಗೆ ಸುಮಾರು 150 ಕಿಲೋಮೀಟರ್ ದೂರದ ಕ್ಷೇತ್ರವದು.

ಗಲಾಟೆಯಾದ ಮೇಲೆ 2006ರಲ್ಲಿ ಇನ್ನೊಂದು ಒಪ್ಪಂದ: ಸನ್‌ರೈಸ್‌ನಲ್ಲಿ ಅರ್ಧರ್ಧ, ಆದರೆ 50 ವರ್ಷ ಗಡಿಯ ಮಾತೆತ್ತಬಾರದು. ‘ಗಡಿ ಆಮೇಲೆ’ ಅನ್ನುವುದರ ಪೂರ್ತಿ ಅರ್ಥ ಇಲ್ಲಿದೆ. ತೆಗೆಯಲು ಶುರು ಮಾಡಿದರೆ ಅನಿಲ ಕ್ಷೇತ್ರ 50 ವರ್ಷಕ್ಕೆ ಮೊದಲೇ ಬರಿದಾಗಿರುತ್ತದೆ. ಆಮೇಲೆ ಗಡಿ ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ.

ಇದೇ ಮಾತುಕತೆಯ ಸಮಯದಲ್ಲಿ, 2004ರಲ್ಲಿ, ಟಿಮೋರ್ ರಾಜಧಾನಿ ದಿಲಿಯ ಸರ್ಕಾರಿ ಕಚೇರಿಗಳನ್ನು ನೆರವಿನ ಹೆಸರಲ್ಲಿ ನವೀಕರಿಸುವಾಗ ಆಸ್ಟ್ರೇಲಿಯಾದ ಗುಪ್ತಚರರು ಗೋಡೆಯೊಳಗೆ ಕದ್ದಾಲಿಕೆ ಯಂತ್ರ ಇಟ್ಟರು ಎಂಬ ಆರೋಪ ಆಮೇಲೆ ಹೊರಬಂತು. ಹೇಳಿದವನು ಅದೇ ಗುಪ್ತಚರ ಸಂಸ್ಥೆಯ ಮಾಜಿ ಅಧಿಕಾರಿ; ‘ವಿಟ್ನೆಸ್ ಕೆ’ ಎಂದಷ್ಟೇ ಲೋಕಕ್ಕೆ ಗೊತ್ತು. 2006ರ ಆ ಒಪ್ಪಂದದ ವಿರುದ್ಧ ಟಿಮೋರ್ ಮಧ್ಯಸ್ಥಿಕೆಗೆ ಹೋದ ವರ್ಷವೇ, 2013ರ ಡಿಸೆಂಬರ್‌ನಲ್ಲಿ, ಅದರ ಪರ ವಕೀಲ ಬರ್ನಾರ್ಡ್ ಕೊಲ್ಲಾರಿ ಅವರ ಕ್ಯಾನ್‌ಬೆರಾ ಕಚೇರಿ ಮೇಲೆ ದಾಳಿ ಮಾಡಿ ಕಾಗದಪತ್ರ ಹೊತ್ತೊಯ್ದರು. ಎದುರು ಪಕ್ಷದ ವಕೀಲರ ಕಡತವನ್ನು ಸರ್ಕಾರವೇ ಎತ್ತಿಕೊಂಡು ಹೋಗುವುದು! ಮುಂದಿನ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅವಕ್ಕೆ ಮೊಹರು ಹಾಕಿಡಿ, ಟಿಮೋರ್ ಮತ್ತು ಅದರ ವಕೀಲರ ನಡುವಿನ ಮಾತಿಗೆ ಕೈಹಾಕಬೇಡಿ ಎಂದು ಆದೇಶಿಸಿತು. ಗುಪ್ತ ಮಾಹಿತಿ ಹೊರಹಾಕಿದ ಆರೋಪದ ಮೇಲೆ ಕೊಲ್ಲಾರಿ ವಿರುದ್ಧ ಹೂಡಿದ್ದ ಮೊಕದ್ದಮೆ ಕೈಬಿಟ್ಟದ್ದು 2022ರಲ್ಲಿ, ಸರ್ಕಾರ ಬದಲಾದ ಮೇಲೆ.

ನನಗೆ ಇಡೀ ಕಥೆಯಲ್ಲಿ ಬಹಳ ಖುಷಿ ಕೊಟ್ಟ ಭಾಗ ಮುಂದಿನದು. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನಿನಲ್ಲಿ ಗಡಿಯ ವಿಷಯದಲ್ಲಿ ಕಡ್ಡಾಯ ತೀರ್ಪು ಬೇಡ ಅನ್ನಲು ಅವಕಾಶವಿದೆ. ಆದರೆ ಹಾಗೆ ಅಂದವರು, ಪಕ್ಕದ ದೇಶ ಕರೆದರೆ, ಸಂಧಾನ ಆಯೋಗದ ಮುಂದೆ ಬಂದು ಕೂರಲೇಬೇಕು. ಅಲ್ಲಿಯವರೆಗೆ ಯಾರೂ ಬಳಸದಿದ್ದ ಕಲಮು ಅದು. ಟಿಮೋರ್ 2013ರಲ್ಲಿ ಆ ಕಾನೂನಿಗೆ ಸೇರಿತು, 2016ರಲ್ಲಿ ಅದೇ ಕಲಮನ್ನು ಎತ್ತಿ ಹಿಡಿಯಿತು. ಮಾತುಕತೆಗೆ ನಿಂತವರು ಶನಾನಾ ಗುಸ್ಮಾವೊ, ಕಾಡಿನಲ್ಲಿ ಬಂದೂಕು ಹಿಡಿದು ಹೋರಾಡಿ ಜಕಾರ್ತಾದ ಜೈಲು ಕಂಡು ಬಂದ ಮನುಷ್ಯ. ಆಯೋಗಕ್ಕೆ ಅಧಿಕಾರವೇ ಇಲ್ಲ ಎಂದು ಆಸ್ಟ್ರೇಲಿಯಾ ವಾದಿಸಿ ಸೋತಿತು. 2018ರ ಮಾರ್ಚ್ 6ರಂದು ನ್ಯೂಯಾರ್ಕಿನಲ್ಲಿ ಗಡಿ ಒಪ್ಪಂದಕ್ಕೆ ಸಹಿ ಬಿತ್ತು. ಮುಖ್ಯ ಗೆರೆ ಹೆಚ್ಚುಕಡಿಮೆ ಮಧ್ಯರೇಖೆಯೇ. ಸನ್‌ರೈಸ್‌ನ ಸರ್ಕಾರಿ ಆದಾಯದಲ್ಲಿ ಪೈಪು ಟಿಮೋರ್‌ಗೆ ಬಂದರೆ 70%, ಆಸ್ಟ್ರೇಲಿಯಾಕ್ಕೆ ಹೋದರೆ 80% ಟಿಮೋರ್‌ದು. 18 ಎಲ್ಲಿ, 70 ಎಲ್ಲಿ! ಹಿಂದೆ ಆದ ನಷ್ಟಕ್ಕೆ ಮಾತ್ರ ಬಿಡಿಗಾಸಿನ ಪರಿಹಾರವಿಲ್ಲ.

ಹಾಗಂತ ಜಂಟಿ ಹಂಚಿಕೆ ಎಲ್ಲೆಡೆ ಮೋಸ ಅನ್ನುವವನಲ್ಲ ನಾನು. ಥಾಯ್ಲೆಂಡ್–ಮಲೇಷ್ಯಾ 1979ರಲ್ಲಿ ಗಡಿ ಬಗೆಹರಿಯದ ಜಾಗದ ಅನಿಲವನ್ನು ಸರಿಸಮ ಹಂಚಿಕೊಳ್ಳಲು ಒಪ್ಪಿದವು, ಅದು ನಡೆದುಕೊಂಡು ಬಂದಿದೆ. ಇಬ್ಬರೂ ಒಬ್ಬರನ್ನೊಬ್ಬರು ಬಗ್ಗಿಸಲಾಗದ ಸರೀಕರು, ಅದಕ್ಕೇ ನಡೆಯಿತು. ಒಬ್ಬನ ಬಳಿ ಹಸಿವು, ಇನ್ನೊಬ್ಬನ ಬಳಿ ಕಾಯುವ ತಾಳ್ಮೆ ಇದ್ದಾಗ ಹಂಚಿಕೆ ಅನ್ನುವುದು ಚೌಕಾಸಿ ಅಷ್ಟೇ.

ಬಂಗಾಳ ಕೊಲ್ಲಿಯಲ್ಲಿ ದೊಡ್ಡಣ್ಣ ನಾವೇ. 2009ರಲ್ಲಿ ಬಾಂಗ್ಲಾದೇಶ ಭಾರತವನ್ನು ಮಧ್ಯಸ್ಥಿಕೆ ಮಂಡಳಿಗೆ ಎಳೆಯಿತು, 2014ರ ಜುಲೈನಲ್ಲಿ ತೀರ್ಪು ಬಂತು. ವಿವಾದದಲ್ಲಿದ್ದ 25,602 ಚದರ ಕಿಲೋಮೀಟರ್‌ನಲ್ಲಿ 19,467 ಬಾಂಗ್ಲಾದ ಪಾಲಾಯಿತು. 1970ರ ದಶಕದಿಂದ ಕಿತ್ತಾಡಿದ್ದ ನ್ಯೂ ಮೂರ್ ದ್ವೀಪದ ಜಾಗ ನಮ್ಮ ಕಡೆ ಬಂತು, ದ್ವೀಪವೇ ಆ ಹೊತ್ತಿಗೆ ಮುಳುಗಿ ಹೋಗಿತ್ತು ಅನ್ನುವುದು ಬೇರೆ ಮಾತು. ಮಂಡಳಿಯಲ್ಲಿದ್ದ ಭಾರತೀಯ ಸದಸ್ಯ ಪಿ. ಶ್ರೀನಿವಾಸ ರಾವ್ ಕೆಲವು ಅಂಶಗಳಿಗೆ ಭಿನ್ನಮತ ಬರೆದರು. ಒಂದು ತುಂಡಿನಲ್ಲಿ ತಳ ಬಾಂಗ್ಲಾದ್ದು, ಮೇಲಿನ ನೀರು ನಮ್ಮದು ಅನ್ನುವಂಥ ತೊಡಕೂ ಉಳಿಯಿತು. ಆದರೂ ದೆಹಲಿ ತೀರ್ಪನ್ನು ಒಪ್ಪಿತು. ‘ಸಮುದ್ರ ಬಿಟ್ಟುಕೊಟ್ಟರು’ ಎಂದು ಈಗಲೂ ಬರೆಯುವವರಿದ್ದಾರೆ. ನನ್ನ ಮಟ್ಟಿಗೆ ನಮ್ಮ ವಿದೇಶಾಂಗ ನೀತಿಯ ಒಳ್ಳೆಯ ಕೆಲಸಗಳಲ್ಲಿ ಅದೊಂದು. ಕಡ್ಡಾಯ ಮಧ್ಯಸ್ಥಿಕೆಯಿಂದ ಹೊರಬರುವ ಪತ್ರ ಬರೆಯಲು ನಮಗೂ ಪೆನ್ನಿತ್ತು, ಬರೆಯಲಿಲ್ಲ.

ಗೆರೆ ಸಿಕ್ಕಿದ್ದರಿಂದ ಟಿಮೋರ್‌ನ ಕಷ್ಟ ಮುಗಿಯಿತು ಅಂತಲ್ಲ. ಇಷ್ಟು ದಿನ ಅನ್ನ ಹಾಕಿದ ಬಾಯು-ಉಂಡಾನ್ ಕ್ಷೇತ್ರ ಖಾಲಿಯಾಗಿದೆ. ನಾರ್ವೆ ಮಾದರಿಯಲ್ಲಿ 2005ರಲ್ಲಿ ಕಟ್ಟಿದ ಪೆಟ್ರೋಲಿಯಂ ನಿಧಿಯಿಂದ ತೆಗೆದೇ ಬಜೆಟ್ ನಡೆಸುತ್ತಿದ್ದಾರೆ. ಸನ್‌ರೈಸ್ ಅನಿಲ ಈಗಲೂ ತಳದಲ್ಲೇ ಇದೆ, ಪೈಪು ಯಾವ ಕಡೆ ಅನ್ನುವ ಜಗ್ಗಾಟದಲ್ಲಿ ವರ್ಷಗಳು ಕಳೆದಿವೆ. ತನ್ನ ದಡದಲ್ಲೇ ಕಾರ್ಖಾನೆ ಬೇಕೆಂಬ ಗುಸ್ಮಾವೊ ಹಟ ನನಗೆ ಅರ್ಥವಾಗುತ್ತದೆ, ಲೆಕ್ಕದ ದೃಷ್ಟಿಯಿಂದ ಅದು ಜಾಣತನವೇ ಎಂಬ ಅನುಮಾನವೂ ಇದೆ. ತಪ್ಪಾದರೂ ಅದು ಅವರದೇ ತಪ್ಪಾಗುತ್ತದೆ, ವಿಮಾನದಲ್ಲಿ ಕೂತು ಬೇರೆಯವರು ಮಾಡಿದ್ದಲ್ಲ.

ಇನ್ನು ಇಂಡೋನೇಷ್ಯಾ. 1972ರಲ್ಲಿ ಸಹಿ ಹಾಕಿದ ಸಮುದ್ರತಳದ ಗೆರೆಗೆ ಅದು ಇವತ್ತಿಗೂ ಕಟ್ಟುಬಿದ್ದಿದೆ. ಭೂಪಟದಲ್ಲಿ ನೋಡಿದರೆ ಟಿಮೋರ್ ಎದುರಿಗೆ ಗೆರೆ ದಕ್ಷಿಣಕ್ಕೆ ಇಳಿದು, ಎರಡೂ ಪಕ್ಕದಲ್ಲಿ ಮತ್ತೆ ಉತ್ತರಕ್ಕೆ ಏರುತ್ತದೆ. ಟಿಮೋರ್–ಇಂಡೋನೇಷ್ಯಾ ಸಮುದ್ರ ಗಡಿಯ ಮಾತುಕತೆ ಬಾಕಿಯಿದೆ. ಅದು ತೀರ್ಮಾನವಾದರೆ ಪಕ್ಕದ ಗೆರೆಗಳನ್ನು ಸರಿಸಲು 2018ರ ಒಪ್ಪಂದದಲ್ಲೇ ಜಾಗ ಬಿಟ್ಟಿದ್ದಾರೆ.