ಸತ್ಯಾಂಶ: ಎಂಆರ್‌ಐ ಮಾಡಿಸಿದರೆ ಪಾರ್ಕಿನ್ಸನ್ ಗೊತ್ತಾಗುತ್ತದೆಯೇ?

‘ಕೈ ನಡುಗುತ್ತಿದೆಯೇ? ಒಂದು ಎಂಆರ್‌ಐ ಸಾಕು, ಪಾರ್ಕಿನ್ಸನ್ ಇದೆಯೋ ಇಲ್ಲವೋ ತಿಳಿಯುತ್ತದೆ’ ಎಂಬ ಮೆಸೇಜು ಓಡಾಡುತ್ತಿದೆ. ಇದು ಸರಿಯಲ್ಲ.

ಪಾರ್ಕಿನ್ಸನ್ (ಚಲನೆಯನ್ನು ಕುಂದಿಸುವ ಮೆದುಳಿನ ಕಾಯಿಲೆ) ಇರುವವರ ಸಾಮಾನ್ಯ ಎಂಆರ್‌ಐ ಬಹುತೇಕ ನಾರ್ಮಲ್ ಆಗಿಯೇ ಬರುತ್ತದೆ. ಡಾಕ್ಟರು ಅದನ್ನು ಬರೆದುಕೊಡುವುದು ಗಡ್ಡೆ, ಪಾರ್ಶ್ವವಾಯು, ಮೆದುಳಲ್ಲಿ ನೀರು ತುಂಬಿರುವುದು ಇಂಥ ಬೇರೆ ಕಾರಣಗಳಿಲ್ಲ ಎಂದು ಖಚಿತ ಮಾಡಿಕೊಳ್ಳಲು. ಕಾಯಿಲೆಯನ್ನು ಗುರುತಿಸುವುದು ಮುಖ್ಯವಾಗಿ ರೋಗಿಯನ್ನು ನೋಡಿಯೇ. ಚಲನೆ ನಿಧಾನವಾಗಿದೆಯಾ, ಕೈ ಸುಮ್ನೆ ಇಟ್ಟಾಗ ನಡುಗುತ್ತದಾ, ಕೀಲು ಬಿಗಿಯಾಗಿದೆಯಾ, ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಗೆ ಸುಧಾರಿಸುತ್ತದಾ ಎಂದು ನೋಡುತ್ತಾರೆ.

ಪಾರ್ಕಿನ್ಸನ್ ಅನುಮಾನವಿದ್ದಾಗ ಕೆಲವೊಮ್ಮೆ ಮಾಡುವ ಡ್ಯಾಟ್ ಸ್ಕ್ಯಾನ್ ಬೇರೆ ಥರದ್ದು. ಅಮೆರಿಕದಲ್ಲಿ ಇದಕ್ಕೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಪ ವಿಕಿರಣದ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಮೆದುಳಿನಲ್ಲಿ ಡೋಪಮಿನ್ (ಚಲನೆಗೆ ನೆರವಾಗುವ ರಾಸಾಯನಿಕ) ಬಿಡುಗಡೆ ಮಾಡುವ ನರತುದಿಗಳ ಚಿತ್ರ ತೆಗೆಯುತ್ತಾರೆ. ಆರೋಗ್ಯವಂತರಲ್ಲಿ ಎರಡೂ ಬದಿ ಕಾಮಾ ಚಿಹ್ನೆಯಂತೆ ಕಾಣುತ್ತದೆ. ಪಾರ್ಕಿನ್ಸನ್‌ನಲ್ಲಿ ಬಾಲ ಮಾಯವಾಗಿ ಬರೀ ಚುಕ್ಕೆ ಉಳಿಯುತ್ತದೆ. ಚೆಂದದ ಹೋಲಿಕೆ, ಅಲ್ವಾ? ಎಸೆನ್ಷಿಯಲ್ ಟ್ರೆಮರ್ ಎಂಬ ಇನ್ನೊಂದು ನಡುಕದಲ್ಲಿ ಕಾಮಾ ಹಾಗೇ ಇರುತ್ತದೆ. ಇವೆರಡರ ನಡುವೆ ಗೊಂದಲವಿದ್ದಾಗ ಈ ಸ್ಕ್ಯಾನ್ ಜಾಸ್ತಿ ಉಪಯೋಗ.

ಆದರೆ ಪಾರ್ಕಿನ್ಸನ್ ಹೋಲುವ ಎಂಎಸ್‌ಎ (ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ), ಪಿಎಸ್‌ಪಿ (ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ) ಎಂಬ ಮೆದುಳಿನ ಕಾಯಿಲೆಗಳಲ್ಲೂ ಅದೇ ಚುಕ್ಕೆ ಬರುತ್ತದೆ, ಇವುಗಳಲ್ಲಿ ಯಾವುದೆಂದು ಈ ಸ್ಕ್ಯಾನ್ ಹೇಳುವುದಿಲ್ಲ. ಹಾಗಾಗಿ ಲಕ್ಷಣ ಸ್ಪಷ್ಟವಿದ್ದರೆ ಅನೇಕ ನರರೋಗ ತಜ್ಞರು ಈ ದುಬಾರಿ ಸ್ಕ್ಯಾನ್ ಕೇಳುವುದೇ ಇಲ್ಲ.